ಉಸಿಕ್–ಫ್ಯೂರಿ ರಿಮ್ಯಾಚ್ ಪಬ್ಬಲ್ಲಿ ನೋಡಿದ್ದು: ಪಬ್ಬಿಗೆ ನಾಲ್ಕು ಸ್ಟಾರ್, ಕಾಮೆಂಟ್ರಿಗೆ ಒಂದೂ ಇಲ್ಲ

ಲಂಡನ್ ಕಡೆ ಇರೋ ನಮ್ಮ ಕನ್ನಡದೋರ ವಾಟ್ಸಾಪ್ ಗ್ರೂಪಲ್ಲಿ ದೊಡ್ಡ ಬಾಕ್ಸಿಂಗ್ ಫೈಟ್ ಬಂದಾಗೆಲ್ಲ ಒಂದೇ ಪ್ರಶ್ನೆ, ಮನೇಲೇ ಪೇ ಪರ್ ವ್ಯೂ (ಆ ಒಂದು ಫೈಟಿಗೆ ಅಂತ ಬೇರೆ ದುಡ್ಡು ಕಟ್ಟೋದು) ತಗೊಂಡು ನೋಡೋದಾ ಇಲ್ಲಾ ಪಬ್ಬಿಗೆ ಹೋಗೋದಾ. ಒಬ್ಬೊಬ್ರಿಗೂ ಬೇರೆ ಬೇರೆ ಟೈಪ್ ಮಾಡಿ ಮಾಡಿ ಸಾಕಾಯ್ತು, ಅದಕ್ಕೆ ಒಟ್ಟಿಗೆ ಬರೆದು ಹಾಕ್ತಿದೀನಿ. 2024ರ ಡಿಸೆಂಬರ್ 21ರ ಉಸಿಕ್–ಫ್ಯೂರಿ (ಉಕ್ರೇನಿನ ಒಲೆಕ್ಸಾಂಡರ್ ಉಸಿಕ್, ಇಂಗ್ಲೆಂಡಿನ ಟೈಸನ್ ಫ್ಯೂರಿ) ಎರಡನೇ ಫೈಟನ್ನ ಶನಿವಾರ ರಾತ್ರಿ ಪಬ್ಬಲ್ಲಿ ನೋಡ್ದೆ, ಮಾರನೇ ದಿನ ಅದೇ ಫೈಟನ್ನ ಗೆಳೆಯನ ಮನೇಲಿ ಆಪಲ್ಲಿ ಮತ್ತೆ ನೋಡ್ದೆ, ಎರಡೂ ಬೇರೆ ಬೇರೆ ಫೈಟೇನೋ ಅನ್ನೋ ಹಾಗಿತ್ತು. ಪಬ್ ಹೆಸರೂ ಹಾಕಲ್ಲ, ಆಪ್ ಹೆಸರೂ ಹಾಕಲ್ಲ, ಯಾಕಂದ್ರೆ ಬೈಯೋದೂ ಸುಮಾರಿದೆ. ಹೌನ್ಸ್ಲೋ ಕಡೆ ಅಂತ ಇಟ್ಕೊಳ್ಳಿ, ಬೇಕಾದೋರು ಪರ್ಸನಲ್ಲಾಗಿ ಕೇಳಿ.

ಬಾಕ್ಸಿಂಗ್ ಅಷ್ಟಾಗಿ ಫಾಲೋ ಮಾಡ್ದೇ ಇರೋರಿಗೆ ಸ್ವಲ್ಪ ಹಿಂದಿನ ಕಥೆ ಹೇಳ್ಬಿಡ್ತೀನಿ, ಗೊತ್ತಿರೋರು ಮುಂದಕ್ಕೆ ಹೋಗಿ. ಮೊದಲ ಫೈಟ್ ಆಗಿದ್ದು ಅದೇ ವರ್ಷ ಮೇ 18ಕ್ಕೆ, ರಿಯಾದಿನ ಕಿಂಗ್ಡಮ್ ಅರೇನಾದಲ್ಲಿ. ನಾಲ್ಕು ಬಾಕ್ಸಿಂಗ್ ಸಂಸ್ಥೆಗಳ ನಾಲ್ಕೂ ಬೆಲ್ಟು ಒಂದೇ ರಾತ್ರಿ ಪಣಕ್ಕೆ, ಹೆವಿವೇಟಲ್ಲಿ 1999ರ ಲೆನಾಕ್ಸ್ ಲೂಯಿಸ್ ಆದ್ಮೇಲೆ ಅನ್‌ಡಿಸ್ಪ್ಯೂಟೆಡ್ ಚಾಂಪಿಯನ್ (ಎಲ್ಲಾ ಬೆಲ್ಟೂ ತನ್ನ ಹತ್ರಾನೇ ಇರೋನು) ಅಂತ ಒಬ್ನೂ ಇರ್ಲಿಲ್ಲ. ಒಂಬತ್ತನೇ ರೌಂಡಲ್ಲಿ ಉಸಿಕ್ ಎಡಗೈ ಹೊಡೆತಕ್ಕೆ ಫ್ಯೂರಿ ರಿಂಗ್ ತುಂಬಾ ತೂರಾಡಿ ಹಗ್ಗಕ್ಕೆ ಒರಗಿ ನಿಂತ, ಬಿದ್ದ ಲೆಕ್ಕಕ್ಕೇ ತಗೊಂಡು ರೆಫ್ರಿ ಕೌಂಟ್ (ಹತ್ತರ ತನಕ ಎಣಿಸೋದು) ಶುರು ಮಾಡ್ದ, ಬೆಲ್ ಉಳಿಸ್ತು. ಕೊನೆಗೆ ಸ್ಪ್ಲಿಟ್ ಡಿಸಿಷನ್, ಇಬ್ರು ಜಡ್ಜು ಉಸಿಕ್‌ಗೆ 115-112, 114-113 ಕೊಟ್ರು, ಇನ್ನೊಬ್ರು ಫ್ಯೂರಿಗೆ 114-113. ಈಗ ಲೆಕ್ಕ ಹಾಕಿ, ಆ ಕೌಂಟ್ ಒಂದು ಇಲ್ದೇ ಹೋಗಿದ್ರೆ ಆ ರೌಂಡು 10-8 ಬದ್ಲು 10-9 ಆಗೋದು, ಉಸಿಕ್ ಕಡೆಯ 114-113 ಹೋಗಿ 114-114 ಆಗೋದು, ಒಬ್ರು ಇವನಿಗೆ ಒಬ್ರು ಅವನಿಗೆ ಇನ್ನೊಬ್ರು ಸಮ, ಫೈಟ್ ಡ್ರಾ. ಒಂದೇ ಒಂದು ಪಾಯಿಂಟಲ್ಲಿ ನೇತಾಡ್ತಿದ್ದ ಫೈಟು ಅದು. ರಿಮ್ಯಾಚ್ ಆಗ್ಬೇಕು ಅಂತ ಕಾಂಟ್ರಾಕ್ಟಲ್ಲೇ ಬರ್ದಿತ್ತು ಸರಿ, ಆದ್ರೆ ಬರೀದೇ ಇದ್ರೂ ಜನ ಬಿಡ್ತಿರ್ಲಿಲ್ಲ.

ನಮ್ಮ ಮೈಸೂರು ಕಡೆ ದಸರಾ ಕುಸ್ತಿ ನೋಡಿ ಬೆಳೆದೋರಿಗೆ ಈ ಪಾಯಿಂಟ್ ಗಲಾಟೆ ಮೊದ್ಲು ಮೊದ್ಲು ತಲೆಗೆ ಹೋಗಲ್ಲ. ಅಲ್ಲಿ ಬೆನ್ನಿಗೆ ಮಣ್ಣು ಹತ್ತಿದ್ರೆ ಮುಗೀತು, ಅಖಾಡದ ಸುತ್ತ ಕೂತಿರೋ ಅಷ್ಟೂ ಜನಕ್ಕೂ ಕಾಣ್ಸುತ್ತೆ, ವಾದ ಮಾಡೋಕೆ ಏನೂ ಉಳಿಯಲ್ಲ. ಇಲ್ಲಿ ಹನ್ನೆರಡು ರೌಂಡು ಇಬ್ರೂ ನಿಂತೇ ಇರ್ತಾರೆ, ರಿಂಗ್ ಪಕ್ಕ ಮೂರು ಜನ ಚೀಟಿ ಮೇಲೆ ಏನೋ ಬರ್ಕೊಂಡಿರ್ತಾರೆ, ಅದರಲ್ಲೇ ಹಣೆಬರಹ. ರೌಂಡ್ ಗೆದ್ದೋನಿಗೆ 10, ಸೋತೋನಿಗೆ 9, ಬಿದ್ರೆ 8, ಅಷ್ಟೇ ಲೆಕ್ಕ. ಆದ್ರೆ ಯಾವ ರೌಂಡು ಯಾರು ಗೆದ್ರು ಅನ್ನೋದು ನೀವು ಏನನ್ನ ನೋಡ್ತಿದ್ರಿ ಅನ್ನೋದರ ಮೇಲೆ ನಿಂತಿದೆ. ಏನನ್ನ ಕೇಳಿಸ್ಕೊಳ್ತಿದ್ರಿ ಅನ್ನೋದರ ಮೇಲೂ ನಿಂತಿದೆ ಅಂತ ನಾನು ಹೇಳ್ತೀನಿ, ಈ ರಿವ್ಯೂ ಬರಿಯೋಕೆ ಕೂತಿದ್ದೇ ಅದಕ್ಕೆ.

ಸರಿ, ಪಬ್ಬು. ಇಲ್ಲಿ ಇಂಗ್ಲೆಂಡಲ್ಲಿ ಆ ಫೈಟಿನ ಪೇ ಪರ್ ವ್ಯೂ ರೇಟು ಹೆಚ್ಚೂಕಮ್ಮಿ 25 ಪೌಂಡ್ ಇತ್ತು. ಪಬ್ಬಲ್ಲಿ ಎಂಟ್ರಿ 10 ಪೌಂಡ್, ಅದರಲ್ಲಿ ಮೊದಲ ಡ್ರಿಂಕ್ ಫ್ರೀ, ಅಂದ್ರೆ ಹೆಚ್ಚೂಕಮ್ಮಿ ಬಿಟ್ಟಿ ಅಂತ್ಲೇ ಲೆಕ್ಕ. ನಾಲ್ಕು ಜನ ಸೇರಿ ಮನೇಲಿ ನೋಡಿದ್ರೆ ಇನ್ನೂ ಅಗ್ಗ ಬೀಳುತ್ತೆ ಒಪ್ತೀನಿ, ಆದ್ರೆ ನಾಲ್ಕು ಜನ ಬಾಕ್ಸಿಂಗ್ ನೋಡೋ ಕನ್ನಡದೋರನ್ನ ಈ ಏರಿಯಾದಲ್ಲಿ ಹುಡುಕಿಕೊಡಿ ನೋಡೋಣ, ಕ್ರಿಕೆಟ್ ಅಂದ್ರೆ ನಲವತ್ತು ಜನ ಬರ್ತಾರೆ. ನನ್ ಜೊತೆ ಬಂದಿದ್ದು ಹಾಸನದ ಒಬ್ಬ ಗೆಳೆಯ, ಪಕ್ಕಾ ಫ್ಯೂರಿ ಫ್ಯಾನು. ಇನ್ನೊಬ್ಬ ಬರ್ಬೇಕಿತ್ತು, ಮನೇಲಿ ಸಣ್ಣ ಮಗು, ಬಿಟ್ಟು ಬರೋ ಹಾಗಿಲ್ಲ ಅಂತ ಮನೇಲೇ ಆಪಲ್ಲಿ ತಗೊಂಡ.

ಕ್ರಿಸ್ಮಸ್ ಮುಂಚಿನ ಕೊನೇ ಶನಿವಾರ ಅದು, ಒಳಗೆ ಕಾಲಿಡೋಕೆ ಜಾಗ ಇಲ್ಲ. ಅರ್ಧ ಜನ ಜಿಂಕೆ ಚಿತ್ರದ ಸ್ವೆಟರ್ ಹಾಕ್ಕೊಂಡು ಆಫೀಸ್ ಪಾರ್ಟಿಯಿಂದ ನೇರ ಬಂದೋರು, ಅವ್ರಿಗೆ ಫೈಟು ಯಾವ್ದು ಅಂತ್ಲೂ ಗೊತ್ತಿಲ್ಲ. ಇನ್ನರ್ಧ ಪಕ್ಕಾ ಬಾಕ್ಸಿಂಗ್ ಜನ. ಬಾಗಿಲಲ್ಲಿ ಇಬ್ರು ಸೆಕ್ಯೂರಿಟಿ, ಬ್ಯಾಗ್ ತೆಗೆದು ನೋಡ್ತಾರೆ, ಆದ್ರೆ ಮರ್ಯಾದೆಯಿಂದ ಮಾತಾಡಿಸ್ತಾರೆ. ಗ್ಲಾಸೆಲ್ಲ ಪ್ಲಾಸ್ಟಿಕ್ಕು, ಬಿಯರ್ ಪ್ಲಾಸ್ಟಿಕ್ಕಲ್ಲಿ ಕುಡಿಯೋದು ನಂಗಿಷ್ಟ ಇಲ್ಲ, ಆದ್ರೆ ರಿಸಲ್ಟ್ ಬಂದ್ಮೇಲೆ ಯಾಕೆ ಪ್ಲಾಸ್ಟಿಕ್ಕು ಅಂತ ಅರ್ಥ ಆಯ್ತು.

ಬೈಯೋದ್ರಲ್ಲಿ ಮೊದಲ್ನೇದು, ಟಿವಿಗಳು. ದೊಡ್ಡ ಪ್ರೊಜೆಕ್ಟರ್ ಸ್ಕ್ರೀನ್ ಒಂದು, ಸುತ್ತ ಗೋಡೇಲಿ ಸಣ್ಣ ಟಿವಿಗಳು. ಪ್ರೊಜೆಕ್ಟರು ಟಿವಿಗಿಂತ ಒಂದೆರಡು ಸೆಕೆಂಡು ಲೇಟು. ಹಾಗಾಗಿ ಬಾರ್ ಕಡೆ ಕೂತೋರು ಹೋ ಅಂತ ಕಿರುಚಿದ್ಮೇಲೆ ನಮ್ಗೆ ಪಂಚ್ ಕಾಣ್ಸೋದು, ಏನೋ ಆಗುತ್ತೆ ಅಂತ ಮೊದ್ಲೇ ಗೊತ್ತಾಗಿ ಮಜಾನೇ ಹೋಗ್ಬಿಡ್ತಿತ್ತು. ಎರಡನೇ ಅಂಡರ್‌ಕಾರ್ಡ್ ಫೈಟ್ (ಮೇನ್ ಫೈಟಿಗೆ ಮುಂಚೆ ನಡೆಯೋ ಸಣ್ಣ ಫೈಟು) ಹೊತ್ತಿಗೆ ಪ್ರೊಜೆಕ್ಟರ್ ಕಡೆ ಬೆನ್ನು ಹಾಕಿ ಬಾರ್ ಹತ್ರ ಇರೋ ಸಣ್ಣ ಟಿವಿ ಕೆಳಗೆ ಜಾಗ ಹಿಡ್ಕೊಂಡ್ವಿ. ಹೋದ್ರೆ ನೀವೂ ಹಾಗೇ ಮಾಡಿ, ದೊಡ್ಡ ಸ್ಕ್ರೀನ್ ಅಂತ ಆಸೆ ಪಡ್ಬೇಡಿ.

ಊಟದ ಬಗ್ಗೆ ಜಾಸ್ತಿ ಹೇಳೋಕೇನಿಲ್ಲ. ಚಿಕನ್ ವಿಂಗ್ಸ್ ಚೆನ್ನಾಗಿತ್ತು, ಖಾರ ಅಂತ ಬರೆದಿದ್ದು ಖಾರ ಇರ್ಲಿಲ್ಲ, ಅದು ಈ ದೇಶದಲ್ಲಿ ಇದ್ದಿದ್ದೇ. ವೆಜ್ ತಿನ್ನೋರಿಗೆ ಚಿಪ್ಸು, ಈರುಳ್ಳಿ ರಿಂಗ್ಸು, ಒಂದು ಹೆಸರಿಗೆ ಬರ್ಗರು, ಅಷ್ಟೇ. ಗೆಳೆಯ ಶನಿವಾರ ಮುಟ್ಟಲ್ಲ, ಪಾಪ ರಾತ್ರಿಯೆಲ್ಲ ಚಿಪ್ಸ್ ತಿಂದ್ಕೊಂಡೇ ಕೂತಿದ್ದ. ಪೈ ಆರ್ಡರ್ ಮಾಡಿದ್ರೆ ಮುಕ್ಕಾಲು ಗಂಟೆ ಕಾಯ್ಬೇಕು.

ಅಂಡರ್‌ಕಾರ್ಡಲ್ಲಿ ಮೋಸೆಸ್ ಇಟೌಮಾ ಅನ್ನೋ ಹುಡುಗ, ಇನ್ನೂ 20 ತುಂಬಿರ್ಲಿಲ್ಲ, ಆಸ್ಟ್ರೇಲಿಯಾದ ಡೆಮ್ಸಿ ಮೆಕೀನ್‌ನ ಮೊದಲ ರೌಂಡಲ್ಲೇ ಮಲಗಿಸ್ಬಿಟ್ಟ. ಬಿಯರ್ ತರೋಕೆ ಹೋದೋರು ವಾಪಸ್ ಬರೋಷ್ಟರಲ್ಲಿ ಮುಗಿದೋಗಿತ್ತು. ಆದ್ರೆ ಆ ರಾತ್ರಿ ಜನ ನಿಜವಾಗ್ಲೂ ರೊಚ್ಚಿಗೆದ್ದಿದ್ದು ಜಾನಿ ಫಿಶರ್–ಡೇವ್ ಆಲೆನ್ ಫೈಟಿಗೆ. ಫಿಶರ್ ರಾಮ್‌ಫರ್ಡ್ ಹುಡುಗ, ಊರೋರೆಲ್ಲ ಬಸ್ ಮಾಡ್ಕೊಂಡು ಅವನ ಹಿಂದೆ ಸುತ್ತೋ ಫ್ಯಾನ್ಸ್ ಇದಾರೆ, ಗೆಲ್ಲೋನು ಅವ್ನೇ ಅಂತ ಎಲ್ಲ ಮೊದ್ಲೇ ಬರ್ದಿಟ್ಟಿದ್ರು. ಆಲೆನ್ ಡಾಂಕಾಸ್ಟರ್ ಕಡೆಯೋನು, ಎಷ್ಟೋ ಸಲ ಸೋತು ಎದ್ದ ಹಳೇ ಕೈ. ಐದನೇ ರೌಂಡಲ್ಲಿ ಆಲೆನ್ನೇ ಫಿಶರ್‌ನ ಕೆಳಗೆ ಬೀಳಿಸ್ದ, ಆಮೇಲೂ ಚೆನ್ನಾಗೇ ಆಡ್ದ, ಕೊನೆಗೆ ಸ್ಪ್ಲಿಟ್ ಡಿಸಿಷನ್ ಫಿಶರ್‌ಗೆ. ಪಬ್ಬಲ್ಲಿ ಫಿಶರ್ ಟೀಶರ್ಟ್ ಹಾಕಿದ್ದ ಒಬ್ಬ ದಢೂತಿ ಮನುಷ್ಯ ಇದ್ದ, ರಿಸಲ್ಟ್ ಕೇಳಿ ಅವನೇ ತಲೆ ಅಲ್ಲಾಡಿಸಿ ಛೀ ಇದು ಸರಿ ಇಲ್ಲ ಅಂದ. ತನ್ನ ಕಡೆಯೋನು ಗೆದ್ರೂ ಬೇಡ ಅನ್ನೋ ಫ್ಯಾನ್ಸ್ ಯಾವ ಆಟದಲ್ಲಿ ಸಿಗ್ತಾರೆ ಹೇಳಿ, ಇದಕ್ಕೋಸ್ಕರನೇ ನಂಗೆ ಬಾಕ್ಸಿಂಗ್ ಜನ ಅಂದ್ರೆ ಇಷ್ಟ. ಅದಕ್ಕೂ ರಿಮ್ಯಾಚ್ ಆಯ್ತು ಆಮೇಲೆ, 2025ರ ಮೇ 17ಕ್ಕೆ ಲಂಡನ್ನಿನ ಕಾಪರ್ ಬಾಕ್ಸಲ್ಲಿ, ಆಲೆನ್ ಜಡ್ಜುಗಳ ತನಕ ಹೋಗೋಕೇ ಬಿಡ್ಲಿಲ್ಲ, ಐದನೇ ರೌಂಡಲ್ಲಿ ನಾಕೌಟ್. ಲೆಕ್ಕ ಚುಕ್ತಾ.

ಈಗ ಮೇನ್ ಫೈಟು. ಲಂಡನ್ ಟೈಮು ರಾತ್ರಿ ಹತ್ತರ ಮೇಲೆ, ನಮ್ಮೂರಲ್ಲಿ ಬೆಳಗಿನ ಜಾವ ಮೂರೂವರೆ ದಾಟಿತ್ತು. ಬೆಂಗಳೂರಲ್ಲಿ ಚಿಕ್ಕಪ್ಪನ ಮಗ ಅಲಾರಂ ಇಟ್ಕೊಂಡು ಎದ್ದಿದ್ದ, ಅಲ್ಲಿ ಒಂದು ಗಂಟೆಗೆ ಪಬ್ ಬಾಗಿಲು ಹಾಕಿಸ್ತಾರಲ್ಲ, ರೂಮಲ್ಲಿ ಹೆಡ್‌ಫೋನ್ ಹಾಕ್ಕೊಂಡು ಕದ್ದು ನೋಡ್ಬೇಕು. ಅಣ್ಣಾ ಶುರು ಆಯ್ತಾ, ಅಣ್ಣಾ ಅಲ್ಲಿ ಜನ ಹೆಂಗಿದಾರೆ ಅಂತ ಮೆಸೇಜ್ ಮೇಲೆ ಮೆಸೇಜು.

ಶುಕ್ರವಾರ ತೂಕ ನೋಡಿದಾಗ ಫ್ಯೂರಿ ಬಟ್ಟೆ ಸಮೇತ 281 ಪೌಂಡು, ಉಸಿಕ್ 226. ಐವತ್ತೈದು ಪೌಂಡು, ಅಂದ್ರೆ 25 ಕೆಜಿ ವ್ಯತ್ಯಾಸ. ಎತ್ತರ ಒಬ್ಬ ಆರಡಿ ಒಂಬತ್ತಿಂಚು, ಒಬ್ಬ ಆರಡಿ ಮೂರಿಂಚು. ಗುರುವಾರ ಪ್ರೆಸ್ ಮೀಟಲ್ಲಿ ಇಬ್ರೂ ಮುಖಕ್ಕೆ ಮುಖ ಕೊಟ್ಟು ಹನ್ನೊಂದು ನಿಮಿಷ ಹಾಗೇ ನಿಂತಿದ್ರು, ಒಬ್ನೂ ಕಣ್ಣು ತೆಗೀಲಿಲ್ಲ. ಆಮೇಲೆ ಗಡ್ಡದ ಗಲಾಟೆ, ಫ್ಯೂರಿ ಉದ್ದ ಗಡ್ಡ ಬಿಟ್ಟಿದಾನೆ, ದವಡೆಗೆ ಹೊಡೆದ್ರೆ ತಾಗಲ್ಲ ಅಂತ ಉಸಿಕ್ ಕಡೆಯೋರು ಕಂಪ್ಲೇಂಟು, ಇದರ ಮೇಲೆ ಮೀಟಿಂಗ್ ಬೇರೆ. ಇದೆಲ್ಲ ಟಿಕೆಟ್ ಮಾರೋ ಬುದ್ಧಿ ಅಂತ ನಂಗೊತ್ತು, ಆದ್ರೂ ಪಬ್ಬಲ್ಲಿ ಕೂತು ಗಡ್ಡದ ಮೇಲೆ ಅರ್ಧ ಗಂಟೆ ವಾದ ಮಾಡಿದ್ವಿ. ಈ ಸಲ ಬೆಲ್ಟು ಮೂರೇ, ಡಬ್ಲ್ಯುಬಿಸಿ, ಡಬ್ಲ್ಯುಬಿಎ, ಡಬ್ಲ್ಯುಬಿಒ. ಐಬಿಎಫ್ ಬೆಲ್ಟನ್ನ ಉಸಿಕ್ ಜೂನಲ್ಲೇ ಬಿಟ್ಕೊಟ್ಟಿದ್ದ, ಅದು ಡೇನಿಯಲ್ ಡುಬ್ವಾ ಹತ್ರ ಇತ್ತು.

ಪಬ್ ಮುಕ್ಕಾಲು ಭಾಗ ಫ್ಯೂರಿ ಕಡೆ, ಮ್ಯಾಂಚೆಸ್ಟರ್ ಕಡೆಯೋನಾದ್ರೂ ಫೈಟ್ ದಿನ ಎಲ್ಲರ ಮನೆಮಗ. ಮೂಲೇಲಿ ಒಂದು ಟೇಬಲ್ ಮಾತ್ರ ಉಕ್ರೇನಿನೋರು, ಮೂರು ಹೆಂಗಸ್ರು, ಒಬ್ಬ ಹುಡುಗ. ಅವರಲ್ಲೊಬ್ಬರು ಫೋನನ್ನ ಬಿಯರ್ ಗ್ಲಾಸಿಗೆ ಒರಗಿಸಿ ಕ್ಯಾಮೆರಾನ ಟಿವಿ ಕಡೆ ತಿರುಗಿಸಿ ಯಾರಿಗೋ ವಿಡಿಯೋ ಕಾಲ್ ಹಾಕಿದ್ರು, ಆ ಕಡೆ ಕತ್ತಲೇಲಿ ಒಂದು ಮುಖ ಕಾಣ್ತಿತ್ತು. ರೌಂಡ್ ನಡೀವಾಗ ನಾಲ್ಕೂ ಜನ ಉಸಿರೆತ್ತಲ್ಲ, ಬೆಲ್ ಹೊಡೆದ ತಕ್ಷಣ ನಾಲ್ಕೂ ಜನ ಒಟ್ಟಿಗೆ ಫೋನಿಗೆ ಮಾತಾಡೋಕೆ ಶುರು.

ನಮ್ಮ ಟೇಬಲಲ್ಲಿ ಜಾಗ ಇಲ್ಲ ಅಂತ ಬಂದು ಕೂತಿದ್ದು ಎಪ್ಪತ್ತು ದಾಟಿದ ಒಬ್ಬ ಐರಿಶ್ ಅಜ್ಜ. ಚಿಕ್ಕವಯಸ್ಸಲ್ಲಿ ಅಮೆಚೂರ್ ಬಾಕ್ಸಿಂಗ್ ಮಾಡಿದ್ರಂತೆ, ಮೂಗು ನೋಡಿದ್ರೇ ಗೊತ್ತಾಗುತ್ತೆ. ಗ್ಲಾಸ್ ಕೆಳಗೆ ಇಡ್ತಾರಲ್ಲ ರಟ್ಟಿನ ಬಿಲ್ಲೆ, ಅದನ್ನ ತಿರುಗಿಸಿ ಹಾಕಿ ಪೆನ್ನಲ್ಲಿ ಎರಡು ಗೆರೆ ಎಳೆದು ಒಂದು ಕಡೆ ಯು, ಒಂದು ಕಡೆ ಎಫ್ ಅಂತ ಬರ್ದು ಇಟ್ಕೊಂಡ್ರು. ಪ್ರತಿ ರೌಂಡ್ ಮುಗಿದ ತಕ್ಷಣ, ಕಾಮೆಂಟ್ರಿಯೋನು ಬಾಯಿ ತೆಗೆಯೋ ಮುಂಚೆ, ಬರ್ದು ಮುಚ್ಚಿಡೋರು. ನನ್ ಗೆಳೆಯ ಇಣುಕಿ ನೋಡೋಕೆ ಹೋದ್ರೆ ಕೈ ಅಡ್ಡ ಇಟ್ರು, ಮುಗಿಯೋ ತನಕ ತೋರಿಸಲ್ಲ ಅಂತ.

ಮೊದಲ ನಾಲ್ಕೈದು ರೌಂಡು ಫ್ಯೂರಿ ಚೆನ್ನಾಗಿದ್ದ, ಇಲ್ಲ ಅಂತ ಯಾರೂ ಹೇಳಲ್ಲ. ಉದ್ದ ಕೈ, ಜಾಬ್ (ಮುಂದಿನ ಕೈಯಿಂದ ನೇರ ಚುರುಕಾಗಿ ಹೊಡೆಯೋದು) ಹಾಕ್ಕೊಂಡು, ಹತ್ರ ಬಂದ್ರೆ ಮೈಭಾರ ಹಾಕಿ ಹೊಟ್ಟೆಗೆ ಕೊಡೋದು. ಉಸಿಕ್ ಸಣ್ಣಗಿದ್ರೂ ಮುಂದಕ್ಕೇ ನುಗ್ಗೋದು. ಪಬ್ಬಲ್ಲಿ ಏನಾಗ್ತಿತ್ತು ಅಂದ್ರೆ ಫ್ಯೂರಿ ಭುಜ ಅಲ್ಲಾಡಿಸಿದ್ರೂ ಕೂಗು, ಗ್ಲೌಸಿಗೆ ತಾಗಿದ್ರೂ ಕೂಗು, ಅದರ ಮೇಲೆ ಸ್ಪೀಕರಲ್ಲಿ ಕಾಮೆಂಟ್ರಿಯೋರು ಅದ್ಭುತ, ಚಾಣಾಕ್ಷ, ದೊಡ್ಡ ಮನುಷ್ಯ ಹೇಗೆ ಕಂಟ್ರೋಲ್ ಮಾಡ್ತಿದಾನೆ ನೋಡಿ ಅಂತ ಬಿಡದೆ ಒದರ್ತಿದ್ರು. ಉಸಿಕ್ ಎಡಗೈ ಫ್ಯೂರಿ ಕೆನ್ನೆಗೆ ನೇರ ಬಿತ್ತು ಅಂದ್ರೆ ಮಾತ್ರ ಫ್ಯೂರಿ ಹೇಗೆ ತಡ್ಕೊಂಡ ನೋಡಿ ಅಂತ, ಅಂದ್ರೆ ಹೊಡೆದೋನಿಗಲ್ಲ ಕ್ರೆಡಿಟ್ಟು, ಹೊಡೆಸ್ಕೊಂಡೋನಿಗೆ! ಎಂಟನೇ ರೌಂಡ್ ಹೊತ್ತಿಗೆ ನನ್ ಗೆಳೆಯ ಫ್ಯೂರಿ ಆರಾಮಾಗಿ ಗೆಲ್ತಿದಾನೆ ಕಣೋ, ಉಸಿಕ್ ಏನೂ ಮಾಡ್ತಿಲ್ಲ ಅಂತ ಬೆಂಗಳೂರಿಗೆ ವಾಯ್ಸ್ ನೋಟ್ ಬೇರೆ ಕಳಿಸ್ದ. ಅಜ್ಜ ಅದನ್ನ ಅರ್ಥ ಮಾಡ್ಕೊಂಡ್ರೋ ಏನೋ, ಕನ್ನಡ ಬರದಿದ್ರೂ ಫ್ಯೂರಿ ಹೆಸರು ಕೇಳಿಸ್ತಲ್ಲ, ಗೆಳೆಯನ ಭುಜ ತಟ್ಟಿ ಅಂದ್ರು, ಹೊಡೆಯೋನ ಕೈ ನೋಡ್ಬೇಡಪ್ಪ, ಹೊಡೆಸ್ಕೊಳ್ಳೋನ ತಲೆ ನೋಡು, ಯಾವ ತಲೆ ಹಿಂದಕ್ಕೆ ಹೋಗುತ್ತೆ ಅಂತ ನೋಡು.

ಅಲ್ಲಿಂದ ನಾನು ಹಾಗೇ ನೋಡ್ದೆ. ಬೇರೇನೂ ಬೇಡ, ಈ ಒಂದು ಮಾತಿಗೆ ಪಬ್ಬಿಗೆ ಕೊಟ್ಟ 10 ಪೌಂಡ್ ವಸೂಲಿ. ಫ್ಯೂರಿ ಜಾಬ್ ಹಾಕಿದಾಗ ಉಸಿಕ್ ತಲೆ ಚೂರು ಪಕ್ಕಕ್ಕೆ ಜಾರುತ್ತೆ, ಗ್ಲೌಸು ಕಿವಿ ಹತ್ರ ಸವರಿ ಹೋಗುತ್ತೆ. ಉಸಿಕ್ ಎಡಗೈ ಬಂದಾಗ ಫ್ಯೂರಿ ತಲೆ ಪಟ್ ಅಂತ ಹಿಂದಕ್ಕೆ ಹೋಗುತ್ತೆ, ಬೆವರು ಲೈಟಿಗೆ ಹಾರೋದು ಕಾಣ್ಸುತ್ತೆ. ಆಮೇಲಾಮೇಲೆ ಇದೇ ಜಾಸ್ತಿ ಆಗ್ತಾ ಹೋಯ್ತು, ಬೆಲ್ ಆದ್ಮೇಲೆ ತನ್ನ ಮೂಲೆಗೆ ಹೋಗೋವಾಗ ಫ್ಯೂರಿ ಹೆಜ್ಜೆ ಭಾರ ಆಗ್ತಿತ್ತು, ಉಸಿಕ್ ಮಾತ್ರ ಸಂತೆಗೆ ಹೊರಟೋನ ಥರ ಲವಲವಿಕೆಯಿಂದ ಹೋಗ್ತಿದ್ದ. ಈ ಸಲ ಯಾರೂ ಬೀಳ್ಲಿಲ್ಲ, ಕೌಂಟ್ ಇಲ್ಲ, ಹಗ್ಗ ಹಿಡಿದು ನಿಂತಿದ್ದಿಲ್ಲ. ಹನ್ನೆರಡನೇ ರೌಂಡ್ ಮುಗೀತು, ಇಬ್ರೂ ಕೈ ಎತ್ತಿದ್ರು, ಪಬ್ಬಲ್ಲಿ ಫ್ಯೂರಿ ಹಾಡು ಶುರು.

ಆಮೇಲೆ ಸ್ಕೋರು. 116-112, 116-112, 116-112, ಮೂರಕ್ಕೆ ಮೂರೂ ಉಸಿಕ್‌ಗೆ. ಎಂಟು ರೌಂಡು ಇವನಿಗೆ, ನಾಲ್ಕು ಅವನಿಗೆ. ಒಂದು ಸೆಕೆಂಡ್ ಯಾರಿಗೂ ಅರ್ಥ ಆಗ್ಲಿಲ್ಲ, ಆಮೇಲೆ ಪ್ಲಾಸ್ಟಿಕ್ ಗ್ಲಾಸ್ ಹಾರಿದ್ವು ನೋಡಿ, ನನ್ ಜಾಕೆಟ್ ಅರ್ಧ ಬಿಯರಲ್ಲಿ ನೆಂದೋಯ್ತು. ರಾಬರಿ ರಾಬರಿ ಅಂತ ಒಂದು ಗುಂಪು, ಸೌದಿಯಲ್ಲಿ ಇಟ್ಕೊಂಡ್ರೆ ಹೀಗೇ ಆಗೋದು ಅಂತ ಇನ್ನೊಂದು ಗುಂಪು, ಆ ದುಡ್ಡು ತಗೊಂಡು ಅಲ್ಲಿಗೆ ಹೋಗಿದ್ದು ಇಬ್ರೂ ತಾನೇ ಗುರು. ಗಡ್ಡ ಬೋಳಿಸಿದ್ರೆ ಗೆಲ್ತಿದ್ದ ಅಂದ ಒಬ್ಬ, ಅದರ ಅರ್ಥ ಇವತ್ತಿಗೂ ಗೊತ್ತಾಗ್ಲಿಲ್ಲ. ಆದ್ರೆ ಬಾರ್ ಕಡೆ ನಿಂತಿದ್ದ ಸುಮಾರು ಜನ, ಫ್ಯೂರಿ ಫ್ಯಾನ್ಸೇ, ಇಲ್ಲ ಕಣ್ರೋ ಸರಿಯಾಗೇ ಇದೆ, ಈ ಸಲ ಅವನೇ ಗೆದ್ದ ಅಂತ ಒಪ್ಕೊಂಡ್ರು. ಇಬ್ರು ಎದ್ದು ಹೋಗಿ ಉಕ್ರೇನ್ ಟೇಬಲಿಗೆ ಕೈ ಕುಲುಕಿ ಬಂದ್ರು. ಅಜ್ಜ ರಟ್ಟಿನ ಬಿಲ್ಲೆ ತಿರುಗಿಸಿ ತೋರ್ಸಿದ್ರು, 115-113 ಉಸಿಕ್. ಜಡ್ಜುಗಳು ಒಂದು ರೌಂಡ್ ಜಾಸ್ತಿ ಕೊಟ್ರು ಅಂತ ಗೊಣಗಿ ಕೋಟ್ ಹಾಕ್ಕೊಂಡು ಹೊರಟ್ರು.

ಅತ್ಲಾಗೆ ಫ್ಯೂರಿ, ನಾನೇ ಗೆದ್ದಿದ್ದು ಅಂತ ಪಟ್ಟು ಹಿಡಿದ, ಅವನ ಪ್ರೊಮೋಟರ್ ಫ್ರಾಂಕ್ ವಾರೆನ್ ಕೂಡ ನಾಲ್ಕೇ ರೌಂಡ್ ಕೊಡೋದು ಅಂದ್ರೇನು ಅಂತ ತಕರಾರು ತೆಗೆದ್ರು. ಅವತ್ತು ಅಧಿಕೃತ ಜಡ್ಜುಗಳ ಜೊತೆ ಪ್ರಯೋಗಕ್ಕೆ ಅಂತ ಎಐ ಜಡ್ಜು ಒಂದು ಇಟ್ಟಿದ್ರು, ಲೆಕ್ಕಕ್ಕಿಲ್ಲ, ಸುಮ್ನೆ. ಅದೂ ಉಸಿಕ್‌ಗೇ ಕೊಡ್ತು, ಅದೂ 118-112, ಮನುಷ್ಯರಿಗಿಂತ ಜೋರಾಗಿ. ಮೆಷಿನ್ ಮಾತು ಕೇಳ್ಕೊಂಡು ಬಾಕ್ಸಿಂಗ್ ನೋಡೋ ಕಾಲ ಬರೋದು ನಂಗಿಷ್ಟ ಇಲ್ಲ, 118-112 ಅನ್ನೋದು ಯಾವ ಲೆಕ್ಕದಲ್ಲೂ ಜಾಸ್ತೀನೇ ಆಯ್ತು, ಆದ್ರೆ ಒಂದು ಮಾತು, ಅದಕ್ಕೆ ಕಾಮೆಂಟ್ರಿ ಕಿವಿಗೆ ಬೀಳ್ತಿರ್ಲಿಲ್ಲ.

ಭಾನುವಾರ ಮಧ್ಯಾಹ್ನ ಮೂರು ಜನಾನೂ ಮಗು ಇರೋ ಗೆಳೆಯನ ಮನೇಲಿ ಸೇರಿದ್ವಿ, ಬಿಸಿಬೇಳೆಬಾತ್ ಮಾಡಿದೀನಿ ಬನ್ನಿ ಅಂತ ಅವನ ಹೆಂಡ್ತಿ ಕರೆದಿದ್ರು. ಆಪಲ್ಲಿ ರೀಪ್ಲೇ ಹಾಕಿದ್ವಿ. ಆಪ್ ಬಗ್ಗೆ ಬೈಯೋದನ್ನ ಇಲ್ಲೇ ಬೈದು ಮುಗಿಸ್ತೀನಿ. ದುಡ್ಡು ಕಟ್ಟಿ ರೀಪ್ಲೇ ನೋಡೋಕೆ ಹೋದ್ರೆ ಮೊದಲ ಪೇಜಲ್ಲೇ ಉಸಿಕ್ ಬೆಲ್ಟ್ ಹಿಡಿದಿರೋ ಫೋಟೋ, ಲೈವ್ ನೋಡ್ದೇ ಮಲಗಿ ಬೆಳಗ್ಗೆ ಎದ್ದು ನೋಡೋಣ ಅನ್ನೋರ ಕಥೆ ಏನು? ಮೇನ್ ಫೈಟಿಗೆ ನೇರ ಹೋಗೋಕೆ ಬಟನ್ ಇಲ್ಲ, ಆರೇಳು ಗಂಟೆ ವಿಡಿಯೋನ ಬೆರಳಲ್ಲಿ ಎಳೆದು ಎಳೆದು ಹುಡುಕ್ಬೇಕು, ಎಳೆದಾಗೆಲ್ಲ ಬೆಟ್ಟಿಂಗ್ ಜಾಹೀರಾತು. ರಾತ್ರಿ ಲೈವಲ್ಲೂ ಎಂಟನೇ ರೌಂಡಲ್ಲಿ ಚಕ್ರ ತಿರುಗಿಸ್ಕೊಂಡು ನಿಂತಿತ್ತಂತೆ. ಪಿಕ್ಚರ್ ಕ್ವಾಲಿಟಿ ಮಾತ್ರ ಚೆನ್ನಾಗಿತ್ತು, ಅದಕ್ಕೆ ಎರಡು ಸ್ಟಾರ್, ಒಂದೇ ಕೊಡ್ಬೇಕು ಅಂದ್ಕೊಂಡಿದ್ದೆ.

ಆದ್ರೆ ನಡೆದ ಮಜಾ ಏನಂದ್ರೆ, ಪಕ್ಕದ ರೂಮಲ್ಲಿ ಮಗು ಈಗ ತಾನೇ ಮಲಗಿದೆ, ಸೌಂಡ್ ಕೊಟ್ರೋ ನೋಡಿ ಅಂತ ಗೆಳೆಯನ ಹೆಂಡ್ತಿ ಬಾಗಿಲಲ್ಲೇ ಹೇಳ್ಬಿಟ್ರು. ಸರಿ ಅಕ್ಕಾ ಅಂತ ಮ್ಯೂಟ್ ಮಾಡಿ ನೋಡಿದ್ವಿ. ಹನ್ನೆರಡು ರೌಂಡು ಪೂರ್ತಿ, ಒಂದು ಸದ್ದಿಲ್ಲ, ಮೂರು ಜನಾನೂ ಪೇಪರ್ ಹಿಡ್ಕೊಂಡು. ನಮ್ಮ ಹಾಸನದೋನು ಹಿಂದಿನ ರಾತ್ರಿ ಫ್ಯೂರಿಗೆ ಏಳು ರೌಂಡು ಅಂತ ಎದೆ ತಟ್ಕೊಂಡು ಹೇಳಿದೋನು, ಪೇಪರಲ್ಲಿ ಅವನೇ ಬರೆದ ಲೆಕ್ಕ ಕೂಡಿ ನೋಡಿದ್ರೆ ಉಸಿಕ್‌ಗೆ 116-112 ಬಂದಿತ್ತು. ಲೋ ಇದೇ ಫೈಟೇನೋ ಇದು, ನಿನ್ನೆ ಇವ್ನು ಇಷ್ಟು ಹೊಡೆಸ್ಕೊಂಡಿರ್ಲಿಲ್ಲ ಕಣೋ ಅಂದ. ನಂಗೂ ಮಗು ಮನೆಯೋನಿಗೂ ನಕ್ಕು ನಕ್ಕು ಸಾಕಾಯ್ತು, ಸೌಂಡ್ ಮಾಡ್ದೇ ನಗೋದು ಇನ್ನೂ ಕಷ್ಟ.

ಪಂಚ್ ಎಣಿಸೋ ಕಾಂಪ್ಯೂಬಾಕ್ಸ್‌ನೋರ ನಂಬರ್ ನೋಡಿದ್ರೆ ಇದು ಸರಿಯಾಗಿ ಗೊತ್ತಾಗುತ್ತೆ. ಫ್ಯೂರಿ ಎಸೆದಿದ್ದು 509 ಪಂಚು, ತಾಗಿದ್ದು 144. ಉಸಿಕ್ ಎಸೆದಿದ್ದು 423, ತಾಗಿದ್ದು 179. ಅಂದ್ರೆ ಜಾಸ್ತಿ ಕೈ ಬೀಸಿದೋನು ಫ್ಯೂರಿ, ಜಾಸ್ತಿ ತಾಗಿಸಿದೋನು ಉಸಿಕ್. ಕಾಮೆಂಟ್ರಿ ನಡೆಯೋದು ಬೀಸೋ ಕೈ ನೋಡ್ಕೊಂಡು, ಪಬ್ ಕೂಗೋದೂ ಬೀಸೋ ಕೈ ನೋಡ್ಕೊಂಡು. ಕಾಮೆಂಟ್ರಿಯೋರು ಬೇಕು ಅಂತ ಮೋಸ ಮಾಡ್ತಾರೆ ಅಂತ ನಾನು ಹೇಳ್ತಿಲ್ಲ, ಅವ್ರೂ ಇಲ್ಲಿಯೋರೇ, ಫ್ಯೂರಿ ಜೊತೆ ವರ್ಷಗಟ್ಟಲೆ ಓಡಾಡಿದೋರು, ಮನಸ್ಸು ಆ ಕಡೆ ವಾಲುತ್ತೆ. ಆದ್ರೆ 25 ಪೌಂಡ್ ತಗೊಂಡು ಫೈಟ್ ಮಾರೋರು ಜೊತೆಗೆ ಯಾರು ಗೆಲ್ತಿದಾರೆ ಅನ್ನೋ ಅಭಿಪ್ರಾಯಾನೂ ಕಟ್ಟಿಕೊಡೋದು ಬೇಡ. ಸುಮ್ನೆ ಸ್ಟೇಡಿಯಂ ಸದ್ದು ಮಾತ್ರ ಬರೋ ಆಡಿಯೋ ಆಪ್ಶನ್ ಒಂದು ಕೊಟ್ರೆ ನಾನು ಇನ್ನೂ ಎರಡು ಪೌಂಡ್ ಎಕ್ಸ್ಟ್ರಾ ಕೊಡ್ತೀನಿ. ಫೈಟ್ ಆದ್ಮೇಲೆ ಜನ ರಾಬರಿ ರಾಬರಿ ಅಂತ ಕಿತ್ತಾಡ್ತಾರಲ್ಲ, ಅದರಲ್ಲಿ ಅರ್ಧ ಜನ ಕಿತ್ತಾಡೋದು ತಾವು ನೋಡಿದ ಫೈಟಿಗಲ್ಲ, ಕೇಳಿಸ್ಕೊಂಡ ಫೈಟಿಗೆ.

ರಿಮ್ಯಾಚ್‌ಗೆ ದುಡ್ಡು ಕೊಡ್ಬೋದಾ ಅಂತ ಕೇಳ್ತಾರೆ ಸುಮಾರು ಜನ, ಅದೇ ಇಬ್ರು ಅದೇ ಆಟ ಅಂತ. ಯಾವ ರಿಮ್ಯಾಚು ಅನ್ನೋದು ನೋಡ್ಬೇಕು. 1999ರಲ್ಲಿ ಲೂಯಿಸ್–ಹೋಲಿಫೀಲ್ಡ್ ಮೊದಲ ಫೈಟ್ ಮಾರ್ಚಲ್ಲಿ ಡ್ರಾ ಅಂದ್ರು, ಲೂಯಿಸ್ ಗೆದ್ದಿದ್ದು ಅಷ್ಟು ಕಣ್ಣಿಗೆ ಹೊಡೆಯೋ ಹಾಗಿದ್ರೂ, ನವೆಂಬರಲ್ಲಿ ಮತ್ತೆ ಆಡಿಸ್ಬೇಕಾಯ್ತು, ಫ್ಯಾನ್ಸ್ ಸಾಲ ತೀರಿಸಿದ ಹಾಗೆ ಅದು. 2019ರಲ್ಲಿ ಆಂಡಿ ರುಯಿಜ್ ನ್ಯೂಯಾರ್ಕಲ್ಲಿ ಆಂಥೊನಿ ಜೋಶುವಾನ ಏಳನೇ ರೌಂಡಲ್ಲಿ ಉರುಳಿಸಿ ಇಡೀ ಪ್ರಪಂಚಾನ ಬೆಚ್ಚಿಬೀಳಿಸ್ದ, ಆರು ತಿಂಗಳಿಗೆ ರಿಮ್ಯಾಚಿಗೆ ಬಂದಾಗ 283 ಪೌಂಡು, ತಿಂದುಂಡು ಹಾಯಾಗಿದ್ದ, ಜೋಶುವಾ ಹನ್ನೆರಡು ರೌಂಡೂ ಹತ್ರ ಹೋಗದೆ ದೂರದಿಂದಲೇ ಗೆದ್ಕೊಂಡು ಹೋದ. ಅದಕ್ಕೆ ದುಡ್ಡು ಕೊಟ್ಟೋರ ಹೊಟ್ಟೆ ಉರಿದಿದ್ದು ನಂಗೊತ್ತು. 1993ರಲ್ಲಿ ಬೋ–ಹೋಲಿಫೀಲ್ಡ್ ರಿಮ್ಯಾಚಲ್ಲಂತೂ ಏಳನೇ ರೌಂಡಲ್ಲಿ ಒಬ್ಬ ಪುಣ್ಯಾತ್ಮ ಮೋಟಾರ್ ಕಟ್ಕೊಂಡ ಪ್ಯಾರಾಶೂಟಲ್ಲಿ ಬಂದು ರಿಂಗ್ ಹಗ್ಗಕ್ಕೇ ಸಿಕ್ಕಾಕ್ಕೊಂಡ, ಲಾಸ್ ವೇಗಸಲ್ಲಿ, 21 ನಿಮಿಷ ಫೈಟು ನಿಂತೋಯ್ತು. ಅಂಥದಕ್ಕೆ ಎಷ್ಟಾದ್ರೂ ಕೊಡ್ಬೋದು. ಉಸಿಕ್ ವಿಷ್ಯಕ್ಕೆ ಬಂದ್ರೆ ಜೋಶುವಾ, ಫ್ಯೂರಿ, ಡುಬ್ವಾ, ಮೂರೂ ಬ್ರಿಟಿಷರು, ಮೂರೂ ಜನದ ಹತ್ರ ಎರಡೆರಡು ಸಲ ಆಡಿ ಎರಡೂ ಸಲ ಗೆದ್ದಿದಾನೆ. ಫ್ಯೂರಿ 2025ರ ಜನವರಿಯಲ್ಲಿ ರಿಟೈರ್ ಅಂತ ವಿಡಿಯೋ ಹಾಕ್ದ, ಅವನು ರಿಟೈರ್ ಆಗೋದು ಅದು ಮೊದಲ್ನೇ ಸಲ ಏನಲ್ಲ, ಪಬ್ಬಲ್ಲಿ ಯಾರೂ ತಲೆ ಕೆಡಿಸ್ಕೊಳ್ಲಿಲ್ಲ.

ಡುಬ್ವಾ ರಿಮ್ಯಾಚ್‌ಗೂ, 2025ರ ಜುಲೈ 19, ವೆಂಬ್ಲಿಯಲ್ಲಿ ನಡೀತಲ್ಲ, ಅದೇ ಪಬ್ಬಿಗೇ ಹೋದ್ವಿ. ಪೋಲೆಂಡಲ್ಲಿ ಮೊದಲ ಸಲ ಡುಬ್ವಾ ಹೊಡೆದಿದ್ದು ಸೊಂಟಕ್ಕಿಂತ ಕೆಳಗಾ ಮೇಲಾ (ಕೆಳಗೆ ಹೊಡೆದ್ರೆ ಫೌಲು) ಅಂತ ಎರಡು ವರ್ಷ ಜಗಳ ಆಡಿದ್ರಲ್ಲ, ಈ ಸಲ ಜಗಳಕ್ಕೆ ಜಾಗಾನೇ ಇಡ್ಲಿಲ್ಲ, ಐದನೇ ರೌಂಡಲ್ಲಿ ಉಸಿಕ್ ಎರಡು ಸಲ ಬೀಳಿಸಿ ನಾಕೌಟ್ ಮಾಡ್ದ, ಆ ರಾತ್ರಿ ನಾಲ್ಕೂ ಬೆಲ್ಟು ಮತ್ತೆ ಅವನ ಹತ್ರ ಬಂತು. ಹಾಸನದೋನು ಈ ಸಲ ಕಿವಿಗೆ ಹತ್ತಿ ತುರುಕ್ಕೊಂಡು ಬಂದಿದ್ದ. ಪ್ರೊಜೆಕ್ಟರ್ ಲೇಟಾಗೋದನ್ನ ಅವ್ರು ಇನ್ನೂ ಸರಿ ಮಾಡಿಲ್ಲ, ವೆಜ್ ಬರ್ಗರ್ ಇನ್ನೂ ಅದೇ ಬರ್ಗರು, ಎಂಟ್ರಿ ಮಾತ್ರ 10ರಿಂದ 12 ಮಾಡಿದಾರೆ. ಹೋಗೋರು ಎಂಟು ಗಂಟೆ ಒಳಗೆ ಹೋಗಿ ಬಾರ್ ಕಡೆ ಟಿವಿ ಕೆಳಗಿನ ಟೇಬಲ್ ಹಿಡೀರಿ, ಪೈ ಬೇಕಿದ್ರೆ ಕೂತ ತಕ್ಷಣ ಹೇಳ್ಬಿಡಿ, ನಾವು ಮೇನ್ ಫೈಟ್ ಶುರು ಆದಾಗ ಹೇಳಿದ ಪೈ ಟೇಬಲಿಗೆ ಬರೋಷ್ಟರಲ್ಲಿ ಡುಬ್ವಾ ಬಿದ್ದು ಎದ್ದು ಇಂಟರ್ವ್ಯೂ ಕೊಡ್ತಿದ್ದ.